ಎಡಗಡೆಯ ಹೊಳ್ಳೆ

ಹೆಬ್ಬೆರಳುದ್ದದ ಒಂದು ಬಾಟಲಿ ಖಾಲಿಯಾದರೆ ಇಪ್ಪತ್ನಾಲ್ಕು ವರ್ಷದ ಕೆಲಸಕ್ಕೆ ಸಂಚಕಾರ ಬರುತ್ತದೆ ಎಂದು ಹಿಂದಿನ ದಿನ ಯಾರಾದರೂ ಹೇಳಿದ್ದರೆ ಮೂಸಣ್ಣ ನಂಬುತ್ತಿರಲಿಲ್ಲ. ನಗುತ್ತಲೂ ಇರಲಿಲ್ಲ, ಆ ಮಾತು ಬೇರೆ. ಮೂರು ವಾರದಿಂದ ಅವನಲ್ಲಿ ನಗುವಷ್ಟು ಉಸಿರು ಉಳಿದಿರಲಿಲ್ಲ.

ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ಬಾಟಲಿಯ ಮೂತಿಯನ್ನು ಬಲಗಡೆಯ ಹೊಳ್ಳೆಗೆ ಇಟ್ಟು ಒತ್ತಿದ. 'ಫುಸ್' ಎಂದಿತು. ಅಲ್ಲಾಡಿಸಿ ಒತ್ತಿದ. ಮತ್ತೆ 'ಫುಸ್'. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಬೇಸಿಗೆಯ ಬಾವಿ. ಮೂಸಣ್ಣ ಕನ್ನಡಿಯಲ್ಲಿ ತನ್ನ ಮೂಗನ್ನೊಮ್ಮೆ ನೋಡಿದ. ನೋಡುವುದಕ್ಕೆ ಅದು ಎಂದಿನಂತೆ ಗಂಭೀರವಾಗಿಯೇ ಇತ್ತು; ಬಾಗಿಲಿಗೆ ಬೋರ್ಡು ಹಾಕಿ ಒಳಗೆ ವ್ಯಾಪಾರ ನಿಲ್ಲಿಸಿದ ಅಂಗಡಿಯ ಹಾಗೆ.

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಹಾಲಿನ ಡೇರಿಯಲ್ಲಿ ಲಾರಿಯಿಂದ ಇಳಿದ ಕ್ಯಾನುಗಳ ಸಾಲಿನ ತಲೆಗೆ ಮೂರು ಕಾಲಿನ ಒಂದು ಸ್ಟೂಲು ಇದೆ. ಅದರ ಮೇಲೆ ಕೂತವನು ಕ್ಯಾನಿನ ಮುಚ್ಚಳ ಎತ್ತಬೇಕು, ಬಗ್ಗಬೇಕು, ಒಂದೇ ಒಂದು ಉಸಿರು ಎಳೆಯಬೇಕು, 'ಸೈ' ಎನ್ನಬೇಕು ಇಲ್ಲವೇ 'ವಾಪಸ್' ಎನ್ನಬೇಕು. ಒಂದು ಹುಳಿ ಕ್ಯಾನು ಕಣ್ತಪ್ಪಿ ದೊಡ್ಡ ಟ್ಯಾಂಕಿಗೆ ಬಿದ್ದರೆ ಸಾವಿರ ಮನೆಯ ಒಲೆಯ ಮೇಲೆ ಹಾಲು ಒಡೆಯುತ್ತದೆ. ಲ್ಯಾಬಿನ ಯಂತ್ರಕ್ಕೆ ಒಂದು ಕ್ಯಾನು ನೋಡಲು ಹತ್ತು ನಿಮಿಷ ಬೇಕು. ಮೂಸಣ್ಣನ ಮೂಗಿಗೆ ಒಂದು ಉಸಿರು ಸಾಕು. ಮುಚ್ಚಳ ಎತ್ತಿದ ಗಳಿಗೆಯಲ್ಲೇ ಹಸು ಏನು ತಿಂದಿತ್ತು, ಕರೆದವರು ಕೈ ತೊಳೆದಿದ್ದರೋ ಇಲ್ಲವೋ, ಕ್ಯಾನು ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿತ್ತು ಎಲ್ಲ ಹೇಳಿಬಿಡುತ್ತಿದ್ದ. ಜನ ಅವನ ಮೂಗಿನ ಮೇಲೆ ನಂಬಿಕೆ ಇಟ್ಟು ತಮ್ಮ ಮೂಗಿನ ಮೇಲೆ ಬೆರಳು ಇಡುತ್ತಿದ್ದರು.

ವರ್ಷಕ್ಕೊಂದು ದಿನ ಆ ಮೂಗಿಗೂ ಪರೀಕ್ಷೆ. ಐದು ಕ್ಯಾನು ಸಾಲಾಗಿ ಇಡುತ್ತಾರೆ. ನಾಲ್ಕರಲ್ಲಿ ಒಳ್ಳೆಯ ಹಾಲು, ಒಂದರಲ್ಲಿ ಕೆಟ್ಟದ್ದು. ಬಣ್ಣ ಕಾಣಬಾರದೆಂದು ಕಣ್ಣಿಗೆ ಬಟ್ಟೆ. ಕೆಟ್ಟದ್ದನ್ನು ಹಿಡಿದರೆ ಇನ್ನೊಂದು ವರ್ಷ ಸ್ಟೂಲು ಅವನದು. ತಪ್ಪಿದರೆ ಇಲ್ಲ. ಮೂಗಿಗೆ ವಿಶ್ರಾಂತಿ ಬೇಕೆಂದು ಆ ದಿನ ಬೆಳಗಿನ ಲಾರಿಗಳಿಂದ ಅವನಿಗೆ ಬಿಡುವು.

ಆ ದಿನ ಇವತ್ತು. ಪರೀಕ್ಷೆ ಹನ್ನೊಂದು ಗಂಟೆಗೆ.

ಮೂಸಣ್ಣ ಖಾಲಿ ಬಾಟಲಿ ಹಿಡಿದು ಅಡುಗೆಮನೆಗೆ ಬಂದ. "ಇವಳೇ, ಇದರಲ್ಲಿ ಇವತ್ತಿಗಾಗೋಷ್ಟು ಇತ್ತಲ್ಲ?"

ಹೆಂಡತಿ ತಿರುಗಿ ನೋಡಲಿಲ್ಲ. "ನನ್ನನ್ನ ಕೇಳ್ತೀರಾ? ನನ್ನ ಮೂಗು ನೆಟ್ಟಗಿದೆ. ನಿಮ್ಮ ಗೊರಕೆ ಕೇಳಿ ಕೇಳಿ ಕಿವಿ ಕೆಟ್ಟಿದೆ, ಅಷ್ಟೇ."

ಅದೂ ನಿಜವೇ. ಮೂರು ವಾರದ ಹಿಂದೆ ಆಕೆ ದಿಂಬು ಹೊದಿಕೆ ಎತ್ತಿಕೊಂಡು ಒಳಕೋಣೆ ಸೇರಿದ್ದಳು. 'ನಿಮ್ಮ ಮೂಗು ತೆರೆದ ದಿನ ನಾನೂ ಬಾಗಿಲು ತೆರೀತೀನಿ' ಎಂದು ಹೇಳಿ ಚಿಲಕ ಹಾಕಿಕೊಂಡವಳು ಮಾತಿಗೆ ತಪ್ಪಿರಲಿಲ್ಲ. ಮೂಸಣ್ಣ ನಡುಮನೆಯ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು, ಕೂತೇ ನಿದ್ದೆ ಮಾಡುತ್ತಿದ್ದ.

"ಮೇಷ್ಟ್ರು ಬೆಳಿಗ್ಗೆ ಪೇಪರ್ ಓದೋಕೆ ಬಂದಿದ್ರಲ್ಲ," ಎಂದಳು. "ಅವರನ್ನ ಕೇಳಿ. ದಿನಾ ಬಚ್ಚಲಮನೆಗೆ ಹೋಗಿ ಕೈ ತೊಳ್ಕೊಂಡು ಬರ್ತಾರೆ. ಪೇಪರ್ ಓದೋಕೆ ಯಾರಾದ್ರೂ ಕೈ ತೊಳೀತಾರಾ ಅಂತ ನನಗೂ ಅನುಮಾನಾನೇ."

ಮಹಡಿಯ ಮೇಲಿನ ಮನೆಯ ಮೇಷ್ಟ್ರು ನಿವೃತ್ತ ಡ್ರಿಲ್ ಮಾಸ್ತರು. ಶಾಲೆ ಬಿಟ್ಟು ಹತ್ತು ವರ್ಷವಾದರೂ ಸಿಳ್ಳೆ ಬಿಟ್ಟಿರಲಿಲ್ಲ. ಕೇಳಿದವರಿಗೂ ಕೇಳದವರಿಗೂ ಎಡ-ಬಲ ಹೇಳಿಕೊಡುವುದು ಅವರ ಜನ್ಮಸಿದ್ಧ ಹಕ್ಕು. ಮೂಸಣ್ಣನಿಗೆ ನೆಗಡಿಯಾದ ದಿನ ಈ ಸ್ಪ್ರೇ ತರಿಸಿದವರೂ ಅವರೇ. 'ತಲೆ ಹಿಂದಕ್ಕೆ! ಇನ್ನೂ ಹಿಂದಕ್ಕೆ! ವಿಮಾನ ನೋಡೋ ಹಾಗೆ! ಈಗ ಒತ್ತು! ಜೋರಾಗಿ ಎಳಿ!' ಎಂದು ಕವಾಯತು ಮಾಡಿಸಿದ್ದರು. ಅರ್ಧ ಔಷಧಿ ಗಂಟಲಿಗೆ ಇಳಿದು ಬೇವಿನಷ್ಟು ಕಹಿಯಾಗಿತ್ತು. ಆದರೆ ಉಳಿದರ್ಧ! ಎರಡು ನಿಮಿಷದಲ್ಲಿ ಮೂಗಿನೊಳಗೆ ಎರಡು ಹೆದ್ದಾರಿ ತೆರೆದುಕೊಂಡಿದ್ದವು. ಮೂಸಣ್ಣ ಆ ದಿನ ಮೇಷ್ಟ್ರಿಗೆ ಕೈ ಮುಗಿದಿದ್ದ.

ಮೂರು ದಿನಕ್ಕೆ ನೆಗಡಿ ಹೋಯಿತು. ಸ್ಪ್ರೇ ಹೋಗಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಇದ್ದದ್ದು ಆರು ಗಂಟೆಗೊಮ್ಮೆ ಆಯಿತು, ನಾಲ್ಕು ಗಂಟೆಗೊಮ್ಮೆ ಆಯಿತು, ಕೊನೆಗೆ ಎರಡು ಲಾರಿಗೊಮ್ಮೆ ಆಯಿತು. ಹಾಕಿದರೆ ಸ್ವರ್ಗ, ಇಳಿದರೆ ಮೂಗಿನೊಳಗೆ ಯಾರೋ ಹಸಿ ಹಿಟ್ಟು ಮೆತ್ತಿದ ಹಾಗೆ. ಎತ್ತಿಗೆ ಮೂಗುದಾರ ಪೋಣಿಸುವುದನ್ನು ಅವನು ನೋಡಿದ್ದ. ತನ್ನ ಮೂಗಿಗೆ ತಾನೇ ದಾರ ಪೋಣಿಸಿ, ತುದಿಯನ್ನು ಬಾಟಲಿಯ ಕೈಗೆ ಕೊಟ್ಟವನನ್ನು ಕನ್ನಡಿಯಲ್ಲೇ ಮೊದಲು ಕಂಡದ್ದು.

ಮೆಟ್ಟಿಲ ಮೇಲೆ ಮೇಷ್ಟ್ರು ಸಿಕ್ಕರು.

"ಮೇಷ್ಟ್ರೇ, ನನ್ನ ಬಾಟಲಿ..."

"ಖಾಲಿ ಆಯ್ತಾ? ನಾನೇ ಹೇಳೋಣ ಅಂತಿದ್ದೆ. ಹೊಸದು ತಂದಿಡಪ್ಪ. ಇವತ್ತು ನನಗೆ ಎಡಗಡೆಗೆ ಸಾಲ್ಲಿಲ್ಲ."

"ನೀವು ಹಾಕ್ಕೊಂಡ್ರಾ? ನಿಮಗೆ ನೆಗಡಿನೇ ಇಲ್ವಲ್ಲ!"

"ನೆಗಡಿ ಬರಬಾರದು ಅಂತ ತಾನೇ ಹಾಕ್ಕೊಳ್ಳೋದು? ಕಳ್ಳ ಬಂದು ಹೋದ ಮೇಲೆ ಬೀಗ ಹಾಕ್ತಾರಾ? ಎರಡು ವಾರದಿಂದ ಬೆಳಿಗ್ಗೆ ಬಲಕ್ಕೆ ಎರಡು, ಎಡಕ್ಕೆ ಎರಡು. ಶಿಸ್ತು ಅಂದ್ರೆ ಶಿಸ್ತು."

"ಅದೇ ಮೂತಿ... ನಿಮ್ಮ ಮೂಗಿಗೂ?"

"ಮತ್ತೆ? ನಾನೇನು ಭೇದ ಮಾಡೋನಲ್ಲಪ್ಪ," ಎಂದು ಮೇಷ್ಟ್ರು ಉದಾರವಾಗಿ ನಕ್ಕರು.

ಮೂಸಣ್ಣನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡಿಕೊಳ್ಳಲು ಮೂಗಿನ ತುದಿ ಬೇಕು. ಅವನ ಸಿಟ್ಟು ಅಲ್ಲಿಗೆ ತಲುಪುವ ಮೊದಲೇ ಸುಸ್ತಾಗಿ ಕೂತುಬಿಟ್ಟಿತು. ಚಪ್ಪಲಿ ಮೆಟ್ಟಿ ಬೀದಿಗಿಳಿದ.

ಔಷಧಿ ಅಂಗಡಿಯಾಕೆ ಆಗತಾನೆ ಷಟರು ಎತ್ತುತ್ತಿದ್ದಳು. ಇವನ ಮುಖ ಕಂಡೊಡನೆ ಎತ್ತಿದ್ದನ್ನು ಅರ್ಧಕ್ಕೇ ಬಿಟ್ಟಳು.

"ಇಲ್ಲ," ಎಂದಳು.

"ನಾನಿನ್ನೂ ಕೇಳೇ ಇಲ್ಲವಲ್ಲಮ್ಮ."

"ನಿಮ್ಮ ಮುಖ ಕೇಳ್ತಿದೆ."

ವಾರದ ಹಿಂದೆ ಮೂರನೇ ಬಾಟಲಿ ಕೊಳ್ಳಲು ಬಂದಾಗ ಈಕೆ ಅವನನ್ನು ಬೆಂಚಿನ ಮೇಲೆ ಕೂರಿಸಿ, ಬಾಟಲಿಯ ಪಕ್ಕದ ಬರಹವನ್ನು ಬೆರಳಿಟ್ಟು ಓದಿಸಿದ್ದಳು. ಇರುವೆಯ ಕಾಲಿನಷ್ಟು ಅಕ್ಷರ. 'ಮೂರು ದಿನಕ್ಕಿಂತ ಹೆಚ್ಚು ಬಳಸಬಾರದು.' "ನಿಮಗೆ ಈಗ ಇರೋದು ನೆಗಡಿ ಅಲ್ಲಣ್ಣ, ಈ ಬಾಟಲಿ," ಎಂದಿದ್ದಳು. "ಮೂಗಿನೊಳಗಿನ ರಕ್ತನಾಳಗಳನ್ನ ಇದು ಬಿಗಿ ಹಿಡಿಯುತ್ತೆ, ಊತ ಇಳಿಯುತ್ತೆ, ಉಸಿರು ಬರುತ್ತೆ. ಹಿಡಿತ ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಊದುತ್ತೆ. ಮತ್ತೆ ಹಾಕ್ತೀರ. ಮತ್ತೆ ಊದುತ್ತೆ. ಗಾಣದೆತ್ತು ಸುತ್ತಿದ ಹಾಗೆ." ಕೂಡಲೇ ಎರಡೂ ಕಡೆ ಬಿಡಿ ಎಂದರೆ ಅವನು ಕಣ್ಣಲ್ಲಿ ನೀರು ತಂದುಕೊಂಡಿದ್ದ, ಪರೀಕ್ಷೆ ಇದೆ, ಲಾರಿ ಇವೆ ಎಂದು. ಕೊನೆಗೆ ಆಕೆಯೇ ದಾರಿ ಹೇಳಿದ್ದಳು: ಮೊದಲು ಎಡಗಡೆ ನಿಲ್ಲಿಸಿ, ಅಲ್ಲಿಗೆ ಬರೀ ಉಪ್ಪುನೀರಿನ ಸ್ಪ್ರೇ. ಬಲಗಡೆ ಮಾತ್ರ ಒಂದು ವಾರ ಈ ಬಾಟಲಿಯಿಂದಲೇ ಉಸಿರಾಡಲಿ. ಎಡಗಡೆ ತಾನೇ ತೆರೆದ ಮೇಲೆ ಬಲಗಡೆಯೂ ಬಿಡಿ. ತಲೆ ಹಿಂದಕ್ಕಲ್ಲ, ಕೊಂಚ ಮುಂದಕ್ಕೆ. ಮೂತಿ ನಡುಗೋಡೆಗೆ ತಾಗದೆ ಕಿವಿಯ ಕಡೆಗಿರಲಿ. ಎರಡು ವಾರವಾದರೂ ತೆರೆಯದಿದ್ದರೆ ಮೂಗಿನ ಡಾಕ್ಟರು.

ಅಂದಿನಿಂದ ಎಡಗಡೆಯ ಹೊಳ್ಳೆ ತಪಸ್ಸಿಗೆ ಕೂತಿತ್ತು. ಏಳು ದಿನ ಏಳು ರಾತ್ರಿ ಮೂಸಣ್ಣ ಅದನ್ನೇ ಕಾದ. ಮಲಗುವ ಮುನ್ನ ಕೈ ಮುಗಿಯುವಾಗ ಹೆಂಡತಿಯನ್ನು ನೆನೆಯುತ್ತಿದ್ದ, ಹಾಲನ್ನು ನೆನೆಯುತ್ತಿದ್ದ, ಕೊನೆಯಲ್ಲಿ ಸಣ್ಣ ದನಿಯಲ್ಲಿ 'ದೇವರೇ, ಎಡಗಡೆ' ಎನ್ನುತ್ತಿದ್ದ. ಅದು ಕಲ್ಲಿನಂತೆ ಮುಚ್ಚಿಯೇ ಇತ್ತು.

"ಇವತ್ತೊಂದೇ ದಿನಕ್ಕೆ ಕೊಡಿ ತಾಯಿ. ಹನ್ನೊಂದಕ್ಕೆ ಪರೀಕ್ಷೆ. ಬಾಟಲಿ ಪೂರ್ತಿ ಮಹಡಿ ಮೇಷ್ಟ್ರು ಹಾಕ್ಕೊಂಡುಬಿಟ್ಟಿದ್ದಾರೆ."

"ಯಾರು, ಬಿ.ಪಿ. ಮಾತ್ರೆ ತಗೊಂಡು ಹೋಗ್ತಾರಲ್ಲ, ಆ ಸಿಳ್ಳೆ ಮೇಷ್ಟ್ರಾ?" ಆಕೆಯ ಹುಬ್ಬು ನೆತ್ತಿಗೇರಿತು. "ಬಿ.ಪಿ. ಇರೋರು ಡಾಕ್ಟರನ್ನ ಕೇಳದೆ ಇದನ್ನ ಮುಟ್ಟಲೇಬಾರದು! ಅವರನ್ನ ಇವತ್ತೇ ಡಾಕ್ಟರ ಹತ್ರ ಕಳಿಸಿ. ಒಬ್ಬರ ಮೂಗಿಗಿಟ್ಟ ಬಾಟಲಿ ಇನ್ನೊಬ್ಬರ ಮೂಗಿಗೆ ಇಡಬಾರದು ಅಂತ ಡ್ರಿಲ್ಲಿನಲ್ಲಿ ಹೇಳಿಕೊಡಲ್ವಾ?"

"ನನ್ನ ಪರೀಕ್ಷೆ..."

"ಅಣ್ಣಾ, ವಾರ ಮುಗೀತು. ಎಡಗಡೆ ಇವತ್ತೋ ನಾಳೆಯೋ ಖಂಡಿತ ತೆರೆಯುತ್ತೆ. ಈಗ ಹೊಸ ಬಾಟಲಿ ಕೊಟ್ರೆ ಅದು ಎಡಕ್ಕೂ ಹೋಗುತ್ತೆ. ಏಳು ದಿನದ ವ್ರತ ಒಂದು ಫುಸ್‌ನಲ್ಲಿ ಹಾಳು." ಎಂದವಳು ಉಪ್ಪುನೀರಿನ ಇನ್ನೊಂದು ಬಾಟಲಿ ಕೊಟ್ಟು ಕಳಿಸಿದಳು.

ಇನ್ನೊಂದು ಬೀದಿಯಲ್ಲಿ ಇನ್ನೊಂದು ಅಂಗಡಿ ಇತ್ತು. ಮೂಸಣ್ಣನ ಕಾಲು ಆ ಕಡೆ ನಾಲ್ಕು ಹೆಜ್ಜೆ ಹಾಕಿತು. ಆಮೇಲೆ ಮುಚ್ಚಿದ ಎಡಗಡೆಯ ಮೇಲೆ ಅವನಿಗೇ ಒಂದು ಬಗೆಯ ಮರುಕ ಹುಟ್ಟಿತು. ಇಷ್ಟು ದಿನ ಕಷ್ಟಪಟ್ಟಿದೆ, ಅದರ ಪಾಲಿನದನ್ನು ಕೆಡಿಸುವುದು ಬೇಡ ಅನ್ನಿಸಿತು. ತಿರುಗಿ ಡೇರಿಯ ದಾರಿ ಹಿಡಿದ.

ಡೇರಿಯ ಗೇಟಿನಲ್ಲೇ ತೂಕದವನು ಕಾದಿದ್ದ. ಸ್ಟೂಲಿನ ಪಕ್ಕದಲ್ಲಿ ಹದಿನಾರು ವರ್ಷದಿಂದ ಕ್ಯಾನು ತೂಗುವವನು. ಮೂಸಣ್ಣನ ಕಷ್ಟವನ್ನು ಬಾಟಲಿ ಬಾಟಲಿಯಾಗಿ ಬಲ್ಲವನು.

"ಹೆಂಗಿದೆಯಣ್ಣ?"

"ಬಲಗಡೆ ಬಂದ್. ಎಡಗಡೆ ಗೊತ್ತೇ ಇದೆ."

"ಅಯ್ಯೋ, ಚಿಂತೆ ಬಿಡಣ್ಣ. ನಾನಿಲ್ವಾ?" ತೂಕದವನು ಅವನ ಕಿವಿಗೆ ಬಾಯಿಟ್ಟ. "ಲ್ಯಾಬಿನಮ್ಮ ಕ್ಯಾನಿಗೆ ಚೀಟಿ ಅಂಟಿಸೋದನ್ನ ಕಿಟಕೀಲಿ ನೋಡಿದೆ. ಮೂರನೇದು. ಮೊದಲ ಎರಡಕ್ಕೆ 'ಸೈ' ಅನ್ನು. ಮೂರನೇದಕ್ಕೆ ಮುಖ ಕಿವುಚು, 'ವಾಪಸ್' ಅನ್ನು. ನಾಲ್ಕು, ಐದು ಸೈ. ಮುಗೀತು!"

"ಮೋಸ ಅಲ್ವೇನೋ ಅದು?"

"ಮೂಗು ಇದ್ದಾಗ ಇಪ್ಪತ್ನಾಲ್ಕು ವರ್ಷ ಸರಿ ಹೇಳಿದೀಯ. ಇದೊಂದು ದಿನ ಬಾಯಲ್ಲಿ ಹೇಳು."

ಮೂಸಣ್ಣನಿಗೆ ಒಪ್ಪಿಗೆಯಾಗಲಿಲ್ಲ. ಒಪ್ಪದೆ ವಾದಿಸುವುದಕ್ಕೂ ಉಸಿರಿರಲಿಲ್ಲ. ಆ ಸ್ಟೂಲನ್ನು ದೂರದಿಂದ ಒಮ್ಮೆ ನೋಡಿದ. ಅವನು ಕೂತು ಕೂತು ಅದರ ಹಲಗೆ ಅವನದೇ ಆಕಾರಕ್ಕೆ ಸವೆದಿತ್ತು. ಹೂಂ ಎಂದು ತಲೆಯಾಡಿಸಿದ.

ಅತ್ತ ಲ್ಯಾಬಿನಲ್ಲಿ ಇನ್ನೊಂದು ದಯೆ ಕೆಲಸ ಮಾಡುತ್ತಿತ್ತು. ಲ್ಯಾಬಿನಮ್ಮನಿಗೂ ಮೂಸಣ್ಣನೆಂದರೆ ಅಣ್ಣನಂತೆ. ಆಕೆಯೂ ಅವನ ಮುಖ ನೋಡಿದ್ದಳು, ಮೂಗಿನ ಕತೆ ಕೇಳಿದ್ದಳು. ಪ್ರತಿವರ್ಷ ಪರೀಕ್ಷೆಗೆ ಹಿಂದಿನ ಸಂಜೆಯ ಹಾಲು ಇಡುತ್ತಾರೆ. ಹುಳಿ ಆಗ ತಾನೇ ಕಣ್ಣು ಬಿಡುತ್ತಿರುತ್ತದೆ, ಚುರುಕು ಮೂಗಿಗೆ ಮಾತ್ರ ಸಿಗುತ್ತದೆ. ಪಾಪ, ಅಣ್ಣನ ಮೂಗಿಗೆ ಇವತ್ತು ಅಷ್ಟು ಸೂಕ್ಷ್ಮ ಎಲ್ಲಿಂದ ಸಿಗಬೇಕು ಎಂದು ಯೋಚಿಸಿದವಳು, ಹಿತ್ತಿಲ ಮೂಲೆಯಲ್ಲಿ ಆರು ದಿನದಿಂದ ಮರೆತು ಬಿದ್ದಿದ್ದ ಒಂದು ಕ್ಯಾನನ್ನು ತರಿಸಿದಳು. ಅದನ್ನು ತಂದವನು ತಲೆ ಅತ್ತ ತಿರುಗಿಸಿಕೊಂಡೇ ತಂದ. 'ಗೋಡೆಗೂ ಗೊತ್ತಾಗೋ ವಾಸನೆ ಇದು, ಅಣ್ಣನಿಗೆ ಗೊತ್ತಾಗದೆ ಇರುತ್ತಾ?' ಎಂದುಕೊಂಡಳು. ಪಾಪ, ಜಾಸ್ತಿ ಹೊತ್ತು ಒದ್ದಾಡುವುದೂ ಬೇಡವೆಂದು, ಮೂರನೆಯ ಜಾಗದ ಹಳೆಯ ಕ್ಯಾನನ್ನು ತೆಗೆದು ಅಲ್ಲಿ ತಾಜಾ ಹಾಲಿಟ್ಟು, ಈ ಮಹಾಮಾರಿಯನ್ನು ಮೊಟ್ಟಮೊದಲ ಜಾಗದಲ್ಲೇ ಇಟ್ಟಳು.

ಇಬ್ಬರೂ ಒಳ್ಳೆಯವರು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಮ್ಯಾನೇಜರು ಬಂದರು. ಹಿಂದೆ ಗುಮಾಸ್ತರು, ಚಾಲಕರು, ಕ್ಯಾನು ತೊಳೆಯುವವರು, ಎಲ್ಲ ಗೋಡೆಗೆ ಒರಗಿ ನಿಂತರು. ಮೂಸಣ್ಣನ ಪರೀಕ್ಷೆ ಎಂದರೆ ಡೇರಿಗೆ ಆಟ ನೋಡಿದಷ್ಟು ಖುಷಿ. ಮೂಸಣ್ಣನ ಕಣ್ಣಿಗೆ ಬಟ್ಟೆ ಕಟ್ಟಿದರು. ತೂಕದವನು ಭುಜ ಹಿಡಿದು ಮೊದಲ ಕ್ಯಾನಿನ ಮುಂದೆ ನಿಲ್ಲಿಸಿ ಹಿಂದೆ ಸರಿದ.

ಮೂಸಣ್ಣ ಮುಚ್ಚಳ ಎತ್ತಿದ.

ಗೋಡೆಗೆ ಒರಗಿದ್ದವರೆಲ್ಲ ಒಮ್ಮೆಗೇ ಗೋಡೆಯೊಳಗೆ ಹೋಗಲು ನೋಡಿದರು. ಎಲ್ಲರಿಗಿಂತ ಮೊದಲು ತೂಕದವನು ಜೇಬಿನಿಂದ ಕರ್ಚೀಫು ಕಿತ್ತು ಮೂಗಿಗೆ ಒತ್ತಿದ. ಗುಮಾಸ್ತರು ಕಡತ ಒತ್ತಿಕೊಂಡರು. ಒಬ್ಬ ಚಾಲಕ ಮೆಲ್ಲನೆ ಬಾಗಿಲಿನಿಂದ ಆಚೆ ಹೋದವನು ಮತ್ತೆ ಬರಲೇ ಇಲ್ಲ. ಕಿಟಕಿಯ ಮೇಲೆ ಕೂತಿದ್ದ ನೊಣಗಳು ಸಭೆ ಸೇರಿ ಕ್ಯಾನಿನ ಕಡೆ ಹೊರಟವು.

ಮೂಸಣ್ಣ ಬಗ್ಗಿದ. ಮುಖವನ್ನು ಕ್ಯಾನಿನ ಬಾಯೊಳಗೆ ಅರ್ಧ ಇಳಿಸಿದ. ಇಪ್ಪತ್ನಾಲ್ಕು ವರ್ಷದ ಅಭ್ಯಾಸದಂತೆ ನಿಧಾನವಾಗಿ, ಆಳವಾಗಿ ಉಸಿರೆಳೆಯುವಂತೆ ಎದೆ ಉಬ್ಬಿಸಿದ. ಒಳಗೆ ಏನೂ ಹೋಗಲಿಲ್ಲ. ತಲೆ ಎತ್ತಿದ. ಮುಖದಲ್ಲಿ ಹಸುಗೂಸಿನ ಶಾಂತಿ.

"ಸೈ," ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಂಬಿಕೆ ಬರಲಿ ಎಂದು ಒಂದು ಮಾತು ಸೇರಿಸಿದ: "ಹಾಲು ಅಂದ್ರೆ ಇದು ಸಾರ್. ಇವತ್ತು ಬೆಳಗಿನ ಜಾವ ಕರೆದದ್ದು. ಹಸಿರು ಹುಲ್ಲು ತಿಂದ ಹಸು."

ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಅದನ್ನು ಮೂಸಣ್ಣ ಮೆಚ್ಚುಗೆ ಎಂದು ತಿಳಿದ. ತೂಕದವನು ಕೆಮ್ಮಿದ. ಮತ್ತೆ ಕೆಮ್ಮಿದ. ಅದನ್ನೂ ಮೆಚ್ಚುಗೆ ಎಂದೇ ತಿಳಿದ. ಎರಡನೆಯದಕ್ಕೆ 'ಸೈ' ಎಂದು, ಮೂರನೆಯ ಕ್ಯಾನಿನ ಮುಚ್ಚಳ ಎತ್ತಿ ಬಗ್ಗಿದವನೇ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ. ಮುಖ ಕಿವುಚಿದ, ಮೂಗು ಮುಚ್ಚಿದ, ಒಂದೆರಡು ಸಲ ಓಕರಿಸಿಯೂ ತೋರಿಸಿದ.

"ಥೂ! ವಾಪಸ್! ವಾಪಸ್ ಸಾರ್! ಇದನ್ನ ತಂದವರನ್ನ ಇವತ್ತೇ ವಿಚಾರಿಸಬೇಕು!"

ಮೂರನೆಯ ಕ್ಯಾನಿನಲ್ಲಿ ಇದ್ದದ್ದು ಮ್ಯಾನೇಜರ ಸ್ವಂತ ಹಸುವಿನ ಹಾಲು. ತಾಜಾ ಹಾಲು ಬೇಕೆಂದು ಲ್ಯಾಬಿನಮ್ಮ ಬೆಳಿಗ್ಗೆ ಅವರ ಮನೆಯಿಂದಲೇ ತರಿಸಿದ್ದಳು.

ಕಣ್ಣಿನ ಬಟ್ಟೆ ಬಿಚ್ಚಿದಾಗ ಮೂಸಣ್ಣನಿಗೆ ಕಂಡದ್ದು: ಒಂದು ಸಾಲು ಕರ್ಚೀಫು, ಅದರ ಮೇಲೆ ಒಂದು ಸಾಲು ಕಣ್ಣು. ಲ್ಯಾಬಿನಮ್ಮನ ಕಣ್ಣಲ್ಲಿ ನೀರು. ಅರ್ಧ ದುಃಖದ್ದು, ಅರ್ಧ ಕ್ಯಾನಿನದ್ದು. ಮ್ಯಾನೇಜರು ಮಾತ್ರ ಕರ್ಚೀಫು ಇಳಿಸಿ ಅವನನ್ನು ಎವೆಯಿಕ್ಕದೆ ನೋಡುತ್ತಿದ್ದರು. ಬೈಗುಳ ಬರುತ್ತದೆಂದು ಮೂಸಣ್ಣ ತಲೆ ತಗ್ಗಿಸಿದ.

"ಏನ್ರೀ ಮೂಸಣ್ಣ," ಎಂದರು ಮ್ಯಾನೇಜರು. "ಆ ಮೊದಲನೇ ಕ್ಯಾನು... ನಿಜವಾಗ್ಲೂ ನಿಮಗೆ ಏನೂ ಅನ್ನಿಸಲಿಲ್ವಾ?"

"ಇಲ್ಲ ಸಾರ್. ತಪ್ಪಾಯ್ತು ಸಾರ್."

"ಏನೇನೂ?"

"ಒಂದಿಷ್ಟೂ ಇಲ್ಲ ಸಾರ್."

ಮ್ಯಾನೇಜರು ಎರಡು ಹೆಜ್ಜೆ ಮುಂದೆ ಬಂದು ಅವನ ಕೈಗಳೆರಡನ್ನೂ ಹಿಡಿದುಕೊಂಡರು. "ಎಷ್ಟು ದಿನದಿಂದ ನಿಮ್ಮಂಥೋರನ್ನ ಹುಡುಕ್ತಾ ಇದ್ದೆ ಗೊತ್ತೇನ್ರೀ!"

ಡೇರಿಯ ಹಿಂಬದಿಯಲ್ಲಿ ತೊಳೆನೀರಿನ ತೊಟ್ಟಿ ಇತ್ತು. ಕ್ಯಾನು ತೊಳೆದದ್ದು, ನೆಲ ತೊಳೆದದ್ದು, ಒಡೆದ ಹಾಲು, ಕೆಟ್ಟ ಮೊಸರು ಎಲ್ಲ ಹರಿದು ಸೇರುವ ಜಾಗ. ಅದನ್ನು ನೋಡಿಕೊಳ್ಳುತ್ತಿದ್ದ ತೊಟ್ಟಿ ತಾತನಿಗೆ ಇವತ್ತೇ ನಿವೃತ್ತಿ. ಅವನ ಜಾಗಕ್ಕೆ ಮೂವರನ್ನು ಕಳಿಸಿದ್ದರು. ಒಬ್ಬ ಮಧ್ಯಾಹ್ನಕ್ಕೆ ಓಡಿಹೋದ, ಒಬ್ಬ ಹತ್ತು ಗಂಟೆಗೆ, ಮೂರನೆಯವನು ಗೇಟಿನಿಂದಲೇ. ಆದೇಶ ಆಗಲೇ ಟೈಪಾಯಿತು; ಸಂಬಳ ಅದೇ, ಬೂಟು ಡೇರಿಯದು, ಕೆಲಸ ಈ ಕ್ಷಣದಿಂದ. ಸ್ಟೂಲು ಹೋಯಿತು, ಆದರೆ ಕೆಲಸ ಹೋಗಲಿಲ್ಲ. ಅತ್ತುಬಿಡಬೇಕೋ ಕೈ ಮುಗಿಯಬೇಕೋ ತಿಳಿಯದೆ ಮೂಸಣ್ಣ ಆದೇಶಕ್ಕೆ ಸಹಿ ಮಾಡಿ ಬೂಟು ಹಾಕಿಕೊಂಡ. ದಣಿದ ಮನುಷ್ಯನಿಗೆ ಕೊಟ್ಟ ಬೂಟೇ ದೊಡ್ಡದು.

ತೊಟ್ಟಿ ತಾತ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದ. ಅದನ್ನು ಕಂಡೇ ಮೂಸಣ್ಣನಿಗೆ ಅಚ್ಚರಿಯಾಯಿತು.

"ಇಲ್ಲೇ ಊಟಾನಾ ತಾತ?"

"ನಂಗೆ ಹುಟ್ಟಿದಾಗ್ಲಿಂದ ವಾಸನೆ ಅನ್ನೋದೇ ಗೊತ್ತಿಲ್ಲ ಕಣಯ್ಯ. ದೇವರು ಮೂಗು ಕೊಟ್ಟ, ಒಳಗೆ ಏನಾದ್ರೂ ಇಡೋದು ಮರೆತ," ಎಂದು ತಾತ ನಕ್ಕ. "ಹನ್ನೊಂದು ವರ್ಷ ಅದೇ ನನ್ನ ಅನ್ನ ಆಯ್ತು." ಕೋಲು ತೋರಿಸಿದ, ಮೇಲೆ ಕಟ್ಟುವ ಕೊಬ್ಬಿನ ಕೆನೆ ಬಳಿದು ತೆಗೆಯುವ ಹಲಗೆ ತೋರಿಸಿದ, ದಿನಕ್ಕೆರಡು ಸಲ ಎತ್ತಬೇಕಾದ ಕಬ್ಬಿಣದ ಮುಚ್ಚಳ ತೋರಿಸಿದ. ಆಮೇಲೆ ನಾಚಿಕೆಯಿಂದ ಕೇಳಿದ: "ನೀನು ಅಷ್ಟು ವರ್ಷ ಹಾಲು ಮೂಸಿದೋನು. ಯಾರನ್ನೂ ಕೇಳೋಕೆ ಆಗಿರಲಿಲ್ಲ. ಹಾಲಿನ ವಾಸನೆ ಹೆಂಗಿರುತ್ತೆ?"

ಮೂಸಣ್ಣ ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕಿದ್ದವನು ಹಾಗೇ ನಿಂತ.

"ಹೆಂಗೆ ಹೇಳಲಿ ತಾತ..." ಎಂದ. "ಚಳಿಯಲ್ಲಿ ಮಗು ನಿದ್ದೆಯಿಂದ ಎದ್ದಾಗ ಎತ್ತಿಕೊಂಡ್ರೆ, ಕುತ್ತಿಗೆ ಹತ್ರ ಬೆಚ್ಚಗೆ ಒಂಥರಾ ಇರುತ್ತಲ್ಲ, ಹಂಗೆ. ಒಣಗಿದ ಹುಲ್ಲಿನ ಮೇಲೆ ಮೊದಲ ಬಿಸಿಲು ಬಿದ್ದ ಹಂಗೆ. ಮುಚ್ಚಳ ಎತ್ತಿದ ಕೂಡಲೇ ಜೋರಾಗಿ ಬರಲ್ಲ. ಮೊದಲು ಏನೂ ಇಲ್ಲ ಅನ್ಸುತ್ತೆ. ಆಮೇಲೆ ಮೆಲ್ಲಗೆ, ಯಾರೋ ಹಿಂದಿನಿಂದ ಬಂದು ಹೆಸರು ಹಿಡಿದು ಕರೆದ ಹಂಗೆ..." ಹೇಳುತ್ತ ಹೇಳುತ್ತ ಅವನು ಕಣ್ಣು ಮುಚ್ಚಿದ. ಕೈ ತನ್ನ ಹಳೆಯ ಅಭ್ಯಾಸದಲ್ಲಿ ಮುಚ್ಚಳ ಎತ್ತಿತು. ಬೆನ್ನು ತಾನಾಗಿ ಬಗ್ಗಿತು. ಬಾಟಲಿಯ ಹಂಗಿಲ್ಲದೆ ಮೂರು ವಾರದಿಂದ ಸಿಗದ ಹಾಲಿನ ವಾಸನೆಯನ್ನು ನೆನೆದು ಎದೆ ತುಂಬ ಒಂದು ಉಸಿರೆಳೆದ.

ಎಡಗಡೆ ತೆರೆಯಿತು.

ಕೊಂಚ ಕೊಂಚವಾಗಿ ಅಲ್ಲ. ಏಳು ದಿನ ಬಡಿದ ಬಾಗಿಲು ಒಮ್ಮೆಗೇ ಚಿಲಕ ಕಳಚಿ ಬಿದ್ದಂತೆ. ಆ ಬಾಗಿಲಿನಿಂದ ಒಳಗೆ ಬಂದದ್ದು ಹಾಲಲ್ಲ. ತೊಟ್ಟಿ. ಹನ್ನೊಂದು ವರ್ಷದ ತೊಟ್ಟಿ, ಇಡಿಯಾಗಿ, ಕುಟುಂಬ ಸಮೇತ. ಮೂಸಣ್ಣನ ಕಣ್ಣು ಕತ್ತಲಿಟ್ಟಿತು. ಮುಚ್ಚಳ ಕೈಬಿಟ್ಟು, ಒಂದು ಬೂಟು ಅಲ್ಲೇ ಬಿಟ್ಟು, ಒಂದೇ ಬೂಟಿನಲ್ಲಿ ಆಫೀಸಿನವರೆಗೆ ಓಡಿದ. ಓಡುವಾಗ ಒಳಗೆ ಸಂತೋಷವೂ ಇತ್ತು, ಸುಳ್ಳೇಕೆ ಹೇಳಬೇಕು. ದಾರಿಯಲ್ಲಿ ಡೀಸೆಲ್ಲಿನ ವಾಸನೆ ಸಿಕ್ಕಿತು, ಸೋಪಿನ ನೊರೆ ಸಿಕ್ಕಿತು, ಮೂರನೆಯ ಕ್ಯಾನಿನ ತಾಜಾ ಹಾಲು ದೂರದಿಂದ ಹೆಸರು ಹಿಡಿದು ಕರೆಯಿತು.

"ಸಾರ್! ತೆರೀತು ಸಾರ್!" ಎಂದು ಮ್ಯಾನೇಜರ ಮೇಜಿನ ಮುಂದೆ ನಿಂತ. "ನನ್ನ ಮೂಗು! ಎಡಗಡೆ! ನಿಮ್ಮ ಟೀ ಕಪ್ಪಲ್ಲಿ ಏಲಕ್ಕಿ ಇದೆ, ನಿಮ್ಮ ಪೆನ್ನಿನ ಇಂಕು ಹಳೇದು, ಡ್ರಾಯರಿನಲ್ಲಿ ಯಾರೋ ಬಾಳೆಹಣ್ಣು ಮರೆತಿದ್ದಾರೆ! ಇನ್ನೊಂದ್ಸಲ ಪರೀಕ್ಷೆ ಮಾಡಿ ಸಾರ್, ನನ್ನನ್ನ ಸ್ಟೂಲಿಗೆ ಹಾಕಿ!"

ಮ್ಯಾನೇಜರು ಡ್ರಾಯರ್ ತೆಗೆದು ನೋಡಿದರು. ಬಾಳೆಹಣ್ಣು ಇತ್ತು. ಅವರ ಮುಖ ಹುಣ್ಣಿಮೆಯಾಯಿತು.

"ಆಹಾ! ಇದು ಇನ್ನೂ ಒಳ್ಳೇದಾಯ್ತು ಕಣ್ರೀ!"

"ಸಾರ್?"

"ಆ ತೊಟ್ಟೀಲಿ ಗ್ಯಾಸ್ ಏಳುತ್ತೆ. ವಾಸನೇನೇ ಗೊತ್ತಾಗದ ತಾತನ್ನ ಅಲ್ಲಿ ಇಟ್ಟು ಹನ್ನೊಂದು ವರ್ಷ ನಾನು ಹೆದರ್ಕೊಂಡೇ ಇದ್ದೆ. ಸುರಕ್ಷತೆ ಕಮಿಟಿಯವರು ಮೂರು ಸಲ ಕಾಗದ ಬರೆದಿದ್ದಾರೆ, 'ತೊಟ್ಟಿಯ ಬಳಿ ಚುರುಕು ಮೂಗಿನ ಮನುಷ್ಯನೇ ಇರತಕ್ಕದ್ದು' ಅಂತ. ಅಂಥ ಮೂಗಿರೋರು ಯಾರಾದ್ರೂ ಅಲ್ಲಿ ನಿಲ್ತಾರಾ ಅಂತ ನಾನು ಸುಮ್ಮನಿದ್ದೆ. ನೀವು ಆದೇಶಕ್ಕೆ ಆಗಲೇ ಸಹಿ ಹಾಕಿದೀರ!"

"ಸ್ಟೂಲು ಸಾರ್..."

"ಅದಕ್ಕೆ ತೂಕದವನನ್ನ ಹಾಕಿದ್ದೀನಿ. ಮುಚ್ಚಳ ಎತ್ತಿದ ಕೂಡಲೇ ಎಲ್ಲರಿಗಿಂತ ಮೊದಲು ಕರ್ಚೀಫು ತೆಗೆದೋನು ಅವನೇ. ನೋಡಿದ್ರಾ, ಏನು ಮೂಗು!"

ಸಂಜೆ ಮನೆಯ ದಾರಿಯಲ್ಲಿ ಔಷಧಿ ಅಂಗಡಿಯಾಕೆ ಅವನ ಉಸಿರಿನ ಸದ್ದು ಕೇಳಿಯೇ ಹೊರಗೆ ಬಂದಳು. "ತೆರೀತಾ? ನಾನು ಹೇಳಲಿಲ್ವಾ! ಇವತ್ತಿಂದ ಬಲಗಡೆಗೂ ಉಪ್ಪುನೀರೇ. ಇನ್ನೊಂದು ವಾರದಲ್ಲಿ ಅದೂ ತೆರೆದು, ಎರಡೂ ಕಡೆ ಮೊದಲಿನ ಹಾಗೆ ಆಗುತ್ತೆ ನೋಡಿ!" ಎಂದವಳು ಅವನು ಹತ್ತಿರ ಬಂದಂತೆ ಏಕೋ ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು.

ಮೆಟ್ಟಿಲ ಮೇಲೆ ಮೇಷ್ಟ್ರು ಸಿಕ್ಕರು. ಔಷಧಿ ಅಂಗಡಿಯಾಕೆ ಹೇಳಿಕಳಿಸಿದ್ದರಿಂದ ಆಗತಾನೆ ಡಾಕ್ಟರ ಹತ್ತಿರ ಹೋಗಿ ಚೆನ್ನಾಗಿ ಬೈಸಿಕೊಂಡು ಬಂದಿದ್ದರು. "ನೋಡಪ್ಪ, ಆ ಸ್ಪ್ರೇ ಮೂರು ದಿನಕ್ಕಿಂತ ಜಾಸ್ತಿ ಹಾಕ್ಕೋಬಾರದು. ಇನ್ನೊಬ್ಬರದನ್ನಂತೂ ಮುಟ್ಟಲೇಬಾರದು. ಎಷ್ಟು ಸಲ ಹೇಳ್ಲಿ ನಿನಗೆ?" ಎಂದು ಗದರಿ, ಮೂಗಿಗೆ ಕೈ ಅಡ್ಡ ಹಿಡಿದು ಎರಡೆರಡು ಮೆಟ್ಟಿಲು ಹತ್ತಿಹೋದರು.

ಹೆಂಡತಿ ನಡುಮನೆಯಲ್ಲಿದ್ದಳು. ಬಾಗಿಲಲ್ಲೇ ನಿಂತು ಮೂಸಣ್ಣ ಹೇಳಿದ: "ಇವಳೇ, ತೆರೀತು."

ಅವಳ ಮುಖ ಮೂರು ವಾರದ ಮೇಲೆ ಅರಳಿತು. "ಹೌದಾ ರೀ!" ಎನ್ನುತ್ತ ಎರಡು ಹೆಜ್ಜೆ ಓಡಿಬಂದಳು. ಮೂರನೆಯ ಹೆಜ್ಜೆ ಗಾಳಿಯಲ್ಲೇ ನಿಂತಿತು. ಮೂಗು ಎರಡು ಸಲ ಅಲುಗಿತು. ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ಬೆನ್ನು ತಿರುಗಿಸದೆ, ಹಾಗೇ ಹಿಮ್ಮುಖವಾಗಿ ಒಳಕೋಣೆ ಸೇರಿದಳು. ಚಿಲಕ ಬಿದ್ದ ಸದ್ದು ಕೇಳಿತು.

ಮೂಸಣ್ಣ ಮೂರು ಸಲ ಸ್ನಾನ ಮಾಡಿದ. ತೊಟ್ಟಿ ಹೋಗಲಿಲ್ಲ. ಎಂದಿನ ಕುರ್ಚಿಯಲ್ಲಿ ಎಂದಿನಂತೆ ಕೂತ. ಬಹಳ ದಿನದ ಮೇಲೆ ಬಾಯಿ ಮುಚ್ಚಿಕೊಂಡು ಉಸಿರಾಡಬಹುದಿತ್ತು. ಆದರೆ ಎಡಗಡೆಯಿಂದ ಬರುವುದೆಲ್ಲ ತನ್ನದೇ ಸುದ್ದಿ. ನಾಳೆ ಬೆಳಿಗ್ಗೆ ಮುಚ್ಚಳ ಎತ್ತಬೇಕು, ಸಂಜೆ ಮತ್ತೆ ಎತ್ತಬೇಕು. ಇನ್ನೊಂದು ವಾರದಲ್ಲಿ ಎರಡೂ ಹೊಳ್ಳೆ ಮೊದಲಿನ ಹಾಗೆ ಆಗುತ್ತವಂತೆ. ಅವನು ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ.

"ದೇವರೇ," ಎಂದ, "ಎಡಗಡೆಗೆ ಅಂತ ಏಳು ದಿನ ನಿನ್ನ ಬಾಗಿಲು ಬಡಿದೆ, ನೀನೂ ಕೊಟ್ಟೆ. ದೊಡ್ಡೋನು ನೀನು. ಬಲಗಡೆಯದಕ್ಕೆ ಅಷ್ಟು ಅವಸರ ಏನಿಲ್ಲ."